ಹನಿ ಕಟ್ಟದ ಕೋಶಗಳು

ಮಾರ್ಚ್ 3, ಸೋಮವಾರ

ಮಾವನವರ ಬಲಗಣ್ಣಿನ ಪೊರೆ ತೆಗೆಸಿ ಇಂದಿಗೆ ನಾಲ್ಕು ದಿನ. ಕಣ್ಣಿಗೆ ಬಿಡಲು ಮೂರು ಬಗೆಯ ಹನಿ: ಒಂದು ದಿನಕ್ಕೆ ಆರು ಸಲ, ಒಂದು ನಾಲ್ಕು ಸಲ, ಒಂದು ಮೂರು ಸಲ. ಒಂದು ಬಿಟ್ಟ ಮೇಲೆ ಇನ್ನೊಂದಕ್ಕೆ ಐದು ನಿಮಿಷ ಕಾಯಬೇಕು. ಆ ಐದು ನಿಮಿಷವನ್ನು ಮಾವ ಕೈಗಡಿಯಾರ ಹಿಡಿದು ಎಣಿಸುತ್ತಾರೆ. ನಾನು ಸ್ವಲ್ಪ ಮುಂಚೆ ಬಾಟಲಿ ಎತ್ತಿದರೆ, "ಇನ್ನೂ ಮೂವತ್ತು ಸೆಕೆಂಡ್ ಇದೆಯಮ್ಮ" ಎನ್ನುತ್ತಾರೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷೆ ಮಾಡಿದವರು. ನಿವೃತ್ತಿಯಾಗಿ ಹನ್ನೆರಡು ವರ್ಷವಾಯಿತು. ಇಲಾಖೆ ಅವರನ್ನು ಬಿಟ್ಟಿತೇ ಹೊರತು ಅವರು ಇಲಾಖೆಯನ್ನು ಬಿಟ್ಟಿಲ್ಲ. ನಿನ್ನೆ ಬಂದವರು ಇವತ್ತೇ ನಮ್ಮ ಅಡುಗೆಮನೆಯ ತೂಕದ ಯಂತ್ರ ಆರು ಗ್ರಾಂ ಸುಳ್ಳು ಹೇಳುತ್ತಿದೆ ಎಂದು ಪತ್ತೆ ಮಾಡಿದರು. ಅದೂ ಒಂದೇ ಕಣ್ಣಿನಲ್ಲಿ!

ಇವರೋ ಹಡಗಿನ ಎಂಜಿನ್ ಕೋಣೆಯಲ್ಲಿದ್ದಾರೆ, ಜೂನ್‌ವರೆಗೆ ಬರುವ ಹಾಗಿಲ್ಲ. "ಅಪ್ಪನ್ನ ಸ್ವಲ್ಪ ನೋಡ್ಕೋ" ಎಂದರು ಫೋನಿನಲ್ಲಿ. ಸ್ವಲ್ಪವಂತೆ.

ಇದು ಸಾಲದು ಎಂಬಂತೆ ಲ್ಯಾಬಿಗೆ ಹೋದರೆ ಒಂದು ಪತ್ರ. ಬೇರೆ ಊರಿನ ಸಂಶೋಧನಾ ವಿದ್ಯಾರ್ಥಿನಿಯಂತೆ, ಐದನೇ ವರ್ಷ. "ತಮ್ಮ ಪ್ರಬಂಧದಲ್ಲಿ ಹೇಳಿದ ಹನಿಗಳು ನನಗೆ ಕಾಣುತ್ತಿಲ್ಲ. ಮೂರು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ."

ಆ ಪ್ರಬಂಧ ನನ್ನ ಆರು ವರ್ಷದ ಅನ್ನ. ಜೀವಕೋಶವೆಂದರೆ ಗೋಡೆ ಹಾಕಿ ಕೋಣೆ ಮಾಡಿದ ಮನೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೆವು. ಆದರೆ ಕೋಶದೊಳಗೆ ಗೋಡೆಯೇ ಇಲ್ಲದ ಕೋಣೆಗಳೂ ಇವೆ. ಕೆಲವು ಪ್ರೋಟೀನುಗಳು ನೀರಿನಲ್ಲಿ ಎಣ್ಣೆ ಬೇರೆಯಾಗುವ ಹಾಗೆ ಸುತ್ತಲಿನ ದ್ರವದಿಂದ ಬೇರೆಯಾಗಿ, ತಮ್ಮ ಪಾಡಿಗೆ ತಾವೇ ಹನಿಯಾಗಿ ಕೂಡಿಕೊಳ್ಳುತ್ತವೆ. ಕೆಲಸ ಮುಗಿದರೆ ಕರಗಿ ಹೋಗುತ್ತವೆ. ಕೋಶಕ್ಕೆ ಜ್ವರದಷ್ಟು ಬಿಸಿ ತಾಗಿದಾಗ ಇಂಥ ಹನಿಗಳನ್ನು ಕಟ್ಟುವುದು ಇಂಥದೇ ಒಂದು ಪ್ರೋಟೀನು ಎಂದು ತೋರಿಸಿದವಳು ನಾನು. ಲ್ಯಾಬಿನಲ್ಲಿ ಅದಕ್ಕೆ 'ಮೇಸ್ತ್ರಿ' ಎಂದು ಹೆಸರಿಟ್ಟದ್ದೂ ನಾನೇ. ಆ ಹಸಿರು ಹನಿಗಳ ಚಿತ್ರ ಪತ್ರಿಕೆಯ ಮುಖಪುಟದಲ್ಲಿ ಬಂದಿತ್ತು.

ಏಪ್ರಿಲ್ 9ಕ್ಕೆ ಖಾಯಂ ಹುದ್ದೆಯ ಸಂದರ್ಶನ. ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ದುಡಿದ ಮೇಲೆ. ಈಗಲೇ ಇವಳಿಗೆ ಹನಿ ಕಾಣದೆ ಹೋಗಬೇಕೆ?

ಮಾರ್ಚ್ 5, ಬುಧವಾರ

ಮೂರು ಸಲ ಉತ್ತರ ಬರೆದು ಮೂರು ಸಲ ಅಳಿಸಿದೆ. ನಮ್ಮ ಮುಖ್ಯಸ್ಥರಿಗೆ ತೋರಿಸಿದರೆ, "ನೋಡೋಣ" ಎಂದರು. ಲ್ಯಾಬಿನಲ್ಲಿ ಎಲ್ಲರೂ ಅವರನ್ನು 'ನೋಡೋಣ ಸಾರ್' ಎನ್ನುವುದು ಸುಮ್ಮನೆ ಅಲ್ಲ. ಬೆಂಕಿ ಬಿದ್ದಿದೆ ಎಂದರೂ ನೋಡೋಣ ಎನ್ನುವವರು.

ಕೊನೆಗೆ ನಾನೇ ಬರೆದೆ: ಬಿಸಿ ಮಾಡುವ ಕ್ರಮದಲ್ಲಿ ತಪ್ಪಿರಬಹುದು, ಕೋಶಗಳು ಹಳೆಯವಿರಬಹುದು, ಸೋಂಕಿರಬಹುದು. ವಿನಯದಿಂದಲೇ ಬರೆದೆ. ಅಂದರೆ, ನಿನಗೆ ಕೆಲಸ ಬರುವುದಿಲ್ಲ ಎಂಬುದನ್ನು ಎಷ್ಟು ವಿನಯದಿಂದ ಹೇಳಬಹುದೋ ಅಷ್ಟು.

ಒಂದು ಗಂಟೆಯೊಳಗೆ ಜವಾಬು ಬಂತು. "ಹಾಗಾದರೆ ನನ್ನ ಕೋಶಗಳನ್ನೇ ಕಳಿಸುತ್ತೇನೆ ಮೇಡಂ. ನೀವೇ ಒಮ್ಮೆ ನೋಡಿ."

ಎಷ್ಟು ಧೈರ್ಯ! ಕಳಿಸು ಎಂದೆ. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತೇನೆ.

ಮಾರ್ಚ್ 11, ಮಂಗಳವಾರ

ಡಬ್ಬಿ ಬಂತು. ಹೊಗೆಯಾಡುವ ಒಣ ಮಂಜುಗಡ್ಡೆಯ ನಡುವೆ ಆರು ಪುಟ್ಟ ಸೀಸೆ. ಪ್ರತಿಯೊಂದಕ್ಕೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಚೀಟಿ. ಅಕ್ಷರ ಚೆನ್ನಾಗಿದ್ದರೆ ಕೆಲಸ ಚೆನ್ನಾಗಿರಬೇಕೆಂದೇನಿಲ್ಲ.

ಅವಳ ಕೋಶಗಳಿಗೂ ನನ್ನವಕ್ಕೂ ಇರುವ ವ್ಯತ್ಯಾಸ ಇಷ್ಟು. ಆರು ವರ್ಷದ ಹಿಂದೆ ನಾನು ಮೇಸ್ತ್ರಿಗೆ ಹಸಿರು ಹೊಳೆಯುವ ಬಾಲ ಕಟ್ಟಿ, ಅದರ ಹೊಸ ಪ್ರತಿಗಳನ್ನು ಹೊರಗಿನಿಂದ ಕೋಶದೊಳಕ್ಕೆ ತೂರಿಸಿದ್ದೆ. ಇವಳು ಕೋಶದಲ್ಲಿ ಮೊದಲೇ ಇರುವ ಮೇಸ್ತ್ರಿಗೇ ಬಾಲ ಕಟ್ಟಿದ್ದಾಳೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಹುಟ್ಟಿನಿಂದ ಇದ್ದಷ್ಟೇ. ಆಗ ಅಂಥ ಕೆಲಸ ಮಾಡುವುದು ಸುಲಭವಿರಲಿಲ್ಲ. ಈಗ ಎಲ್ಲರಿಗೂ ಬರುತ್ತದೆ, ಅದಕ್ಕೇ ಜಂಬ.

ಮೊದಲು ಸೋಂಕಿನ ಪರೀಕ್ಷೆಗೆ ಕೊಟ್ಟೆ. ಇದ್ದೇ ಇರುತ್ತದೆ.

ಸಂಜೆ ಮನೆಗೆ ಬಂದರೆ ಬೀದಿಯ ತುದಿಯ ಅಂಗಡಿಯವರು ಬಾಗಿಲಲ್ಲೇ ತಡೆದರು. "ಮೇಡಂ, ನಿಮ್ಮ ಮಾವನೋರನ್ನ ಸ್ವಲ್ಪ ಮನೇಲೇ ಇಟ್ಕೊಳ್ಳಿ. ಕಪ್ಪು ಕನ್ನಡಕ ಹಾಕ್ಕೊಂಡು ಬಂದು ಗಿರಾಕಿಗಳ ಮುಂದೆಯೇ ನನ್ನ ತಕ್ಕಡಿ ಅಲುಗಾಡಿಸಿ ನೋಡ್ತಾರೆ!"

ಒಳಗೆ ಬಂದು ಕೇಳಿದೆ. "ಅಲ್ಲಾ ಮಾವ, ಡಾಕ್ಟರು ಧೂಳಿಗೆ ಹೋಗಬೇಡಿ ಅಂದಿಲ್ವಾ?"

"ಧೂಳಿಗೆಲ್ಲಿ ಹೋದೆ? ಅಂಗಡಿಗೆ ಹೋದೆ."

"ಅವರು ಬೇಜಾರು ಮಾಡ್ಕೊಂಡಿದ್ದಾರೆ."

"ತಕ್ಕಡಿ ಸರಿಯಿದೆ ಅಂತ ಹೇಳಿಯೇ ಬಂದೆನಮ್ಮ. ಸರಿಯಿದೆ ಅಂದ್ರೂ ಬೇಜಾರಾ?"

ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮಾರ್ಚ್ 14, ಶುಕ್ರವಾರ

ಸೋಂಕಿಲ್ಲ. ನಮ್ಮ ಕೋಶಗಳಿಗಿಂತ ಶುದ್ಧ. ಥೂ.

ಮಾರ್ಚ್ 19, ಬುಧವಾರ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವತ್ತು ನೆಲವನ್ನು ಡೊಂಕು ಎನ್ನುತ್ತ ಕುಣಿದವಳು ನಾನು.

ಸೂಕ್ಷ್ಮದರ್ಶಕದ ಕೋಣೆಯನ್ನು ನೋಡಿಕೊಳ್ಳುವ ಅಕ್ಕನಿಗೆ ಕತ್ತಲಕ್ಕ ಎಂದು ಹೆಸರು. ಇಪ್ಪತ್ತು ವರ್ಷದಿಂದ ದೀಪವಿಲ್ಲದ ಆ ಕೋಣೆಯಲ್ಲಿದ್ದಾಳೆ. ಮುಖ ನೋಡದೆ, ಬಾಗಿಲು ಎಳೆಯುವ ಸದ್ದಿನಲ್ಲೇ ಯಾರು ಬಂದರೆಂದು ಹೇಳುತ್ತಾಳೆ. ಇಬ್ಬರೂ ಕೂತು ಹುಡುಗಿಯ ಕೋಶಗಳನ್ನು ನಲವತ್ತೆರಡು ಡಿಗ್ರಿಗೆ ಏರಿಸಿದೆವು. ಹತ್ತು ನಿಮಿಷ. ಇಪ್ಪತ್ತು. ನಲವತ್ತು. ಮಂಜು ಕವಿದ ಹಾಗೆ ತೆಳ್ಳಗೆ ಹಸಿರು, ಅಷ್ಟೇ. ಎಲ್ಲೂ ಹೆಪ್ಪುಗಟ್ಟಲಿಲ್ಲ, ಒಂದು ಚುಕ್ಕೆಯೂ ಇಲ್ಲ.

"ಹೀಟರ್ ಕೆಟ್ಟಿದೆ" ಎಂದೆ.

"ಬೆಳಗ್ಗೆ ತಾನೇ ಪರೀಕ್ಷೆ ಮಾಡಿದೀನಿ."

"ಹಾಗಾದ್ರೆ ಕ್ಯಾಮೆರಾ."

ಕತ್ತಲಕ್ಕ ಎದ್ದು ನಮ್ಮ ಹಳೆಯ ಕೋಶಗಳ ತಟ್ಟೆಯನ್ನು ತಂದಿಟ್ಟಳು. ಅದೇ ಹೀಟರ್, ಅದೇ ಕ್ಯಾಮೆರಾ. ಎಂಟನೇ ನಿಮಿಷಕ್ಕೆ ಹಸಿರು ಹನಿಗಳು ಒಂದೊಂದಾಗಿ ಮೂಡಿದವು. ಎರಡು ಹನಿ ಹತ್ತಿರ ಬಂದು, ಮುಟ್ಟಿ, ಒಂದೇ ದೊಡ್ಡ ಹನಿಯಾದವು. ಎಷ್ಟು ಸಲ ನೋಡಿದ್ದೇನೆ, ಆದರೂ ಚಂದ.

"ಯಂತ್ರ ಸರಿಯಿದೆ" ಎಂದಳು ಕತ್ತಲಕ್ಕ. ಅವಳ ಮುಖ ಕಾಣಲಿಲ್ಲ. ಕಾಣದೆ ಇದ್ದದ್ದೇ ಒಳ್ಳೆಯದಾಯಿತು.

ಮಾರ್ಚ್ 21, ಶುಕ್ರವಾರ

ಎರಡನೇ ಸಲ. ಮೂರನೇ ಸಲ. ಇಲ್ಲ.

ಮನೆಯಲ್ಲಿ ಹನಿಯದೇ ಕಾಟ, ಲ್ಯಾಬಿನಲ್ಲಿ ಹನಿಯೇ ಇಲ್ಲ.

ಮಾರ್ಚ್ 24, ಸೋಮವಾರ

ಇವತ್ತು ಮಾವನ ಮೇಲೆ ಕೂಗಾಡಿದೆ.

ಬೆಳಗಿನ ಹನಿ ಬಿಡುವಾಗ ಆ ಐದು ನಿಮಿಷದ ಬಿಡುವಿನಲ್ಲಿ ಅವರು ಕೇಳಿದರು, "ಏನಮ್ಮ, ಒಂದು ವಾರದಿಂದ ಮುಖ ಸಪ್ಪಗಿದೆ?" ಹೇಳಬಾರದಿತ್ತು, ಹೇಳಿದೆ. ಲೋಟದ ನೀರಿಗೆ ಎಣ್ಣೆ ಹಾಕಿ ತೋರಿಸಿದೆ. ಒಂದು ತೊಟ್ಟು ಹಾಕಿ ಕಲಕಿದರೆ ಕಣ್ಣಿಗೆ ಕಾಣುವುದಿಲ್ಲ, ಹತ್ತು ತೊಟ್ಟಾದರೆ ತೇಲುತ್ತದೆ ಎಂದರು ಅವರೇ, ನಾನು ಕೇಳದೆ ಇದ್ದರೂ. ಆಮೇಲೆ:

"ಕೋಶದಲ್ಲಿ ತಾನಾಗಿ ಇರೋದು ಎಷ್ಟು? ನೀನು ತುಂಬಿದ್ದು ಎಷ್ಟು?"

"ಅದು ಹಾಗಲ್ಲ ಮಾವ."

"ಅಳತೆ ಮಾಡಿದ್ದೀಯಾ?"

"ನಿಮಗೆ ಅರ್ಥ ಆಗಲ್ಲ!" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. "ನಿಮಗೆ ಕಂಡದ್ದೆಲ್ಲ ಕಳ್ಳ ತಕ್ಕಡಿ. ಇದು ನನ್ನ ಕೆಲಸ, ಕಿರಾಣಿ ಅಂಗಡಿ ಅಲ್ಲ. ಒಂದು ಗಡಿಯಾರ ಇಟ್ಕೊಂಡು ಜನರ ಜೀವ ತಿನ್ನೋದು ಬಿಟ್ಟು ಬೇರೇನಾದ್ರೂ ಬರುತ್ತಾ ನಿಮಗೆ?"

ಅವರು ಗಡಿಯಾರ ಕಟ್ಟಿಕೊಂಡರು. "ಇನ್ನು ಮೇಲೆ ಹನಿ ನಾನೇ ಹಾಕ್ಕೋತೀನಮ್ಮ. ನಿನಗೆ ಲ್ಯಾಬಿಗೆ ಹೊತ್ತಾಗುತ್ತೆ."

ಸದ್ಯ, ಒಂದು ಕೆಲಸ ಕಡಿಮೆಯಾಯಿತು. ಬಸ್ಸಿನಲ್ಲಿ ಹೀಗೆಂದುಕೊಂಡೆ. ಸಂಜೆ ಬಂದಾಗ ಕನ್ನಡಿಯ ಮುಂದೆ ತಲೆ ಎತ್ತಿ ನಿಂತಿದ್ದರು. ಹನಿ ಕೆನ್ನೆಯ ಮೇಲೆ ಇಳಿಯುತ್ತಿತ್ತು. ನನ್ನನ್ನು ನೋಡಿ ಒರೆಸಿಕೊಂಡರು. ನಾನು ಕೈ ಕಾಲು ತೊಳೆಯಲು ಹೋದೆ.

ಮಾರ್ಚ್ 27, ಗುರುವಾರ

ಅಳೆದೆ. ಯಾರೋ ಕೇಳಿದರೆಂದು ಅಲ್ಲ, ಹೇಗೂ ಅಳೆಯಬೇಕಾಗಿತ್ತು.

ನಮ್ಮ ಹಳೆಯ ಕೋಶಗಳಲ್ಲಿ ಮೇಸ್ತ್ರಿ ಇರಬೇಕಾದ್ದಕ್ಕಿಂತ ಹದಿನೆಂಟು ಪಟ್ಟು. ಕಡಿಮೆ ತುಂಬಿದ ಕೋಶಗಳನ್ನೂ ಸಾಲಾಗಿ ನೋಡಿದೆ. ಹನ್ನೆರಡು ಪಟ್ಟು ದಾಟುವವರೆಗೆ ಒಂದೂ ಹನಿ ಇಲ್ಲ. ದಾಟಿದ ಕೂಡಲೇ ಜಾತ್ರೆ. ಅಷ್ಟು ತುರುಕಿದರೆ ಯಾವ ಪ್ರೋಟೀನಾದರೂ ಹನಿ ಕಟ್ಟೀತು.

ಇದಕ್ಕಿಂತ ಕೆಟ್ಟದ್ದು ಬೀರುವಿನಲ್ಲಿತ್ತು. ಆರು ವರ್ಷದ ಹಿಂದಿನ ನನ್ನ ನೋಟ್‌ಬುಕ್ ತೆಗೆದೆ, ನನ್ನ ಪರವಾಗಿ ಏನಾದರೂ ಸಿಕ್ಕೀತೆಂದು. ಎಪ್ಪತ್ತೊಂದನೇ ಪುಟದಲ್ಲಿ ಸಿಕ್ಕಿತು, ನನ್ನದೇ ಕೈಬರಹದಲ್ಲಿ: "ಮಂಕಾಗಿರುವ ಕೋಶಗಳಲ್ಲಿ ಹನಿ ಇಲ್ಲ. ಚೆನ್ನಾಗಿ ಹೊಳೆಯುವುದನ್ನೇ ಆರಿಸಬೇಕು."

ಆರಿಸಿದ್ದೆ. ಕಣ್ಣಿಗೆ ಚಂದ ಕಂಡದ್ದನ್ನು ಆರಿಸಿದ್ದೆ. ಮೋಸ ಮಾಡಬೇಕೆಂದು ಮಾಡಿದ್ದಲ್ಲ ಎಂದು ಇಲ್ಲಿ ಬರೆದುಕೊಂಡರೆ ಓದುವವಳೂ ನಾನೇ, ನಂಬಬೇಕಾದವಳೂ ನಾನೇ.

ಆ ಹುಡುಗಿಗೆ ಮೊದಲೇ ಇದೆಲ್ಲ ಹೊಳೆದಿರಬೇಕು. ನೇರವಾಗಿ ಹೇಳಲಿಲ್ಲ. ನೀವೇ ನೋಡಿ ಎಂದಳು. ಅದೇ ಸಿಟ್ಟು.

ಏಪ್ರಿಲ್ 1, ಮಂಗಳವಾರ

ನೋಡೋಣ ಸಾರ್ ಮುಂದೆ ಎಲ್ಲ ಹರಡಿದೆ. ಚಿತ್ರಗಳು, ಅಳತೆ, ಎಪ್ಪತ್ತೊಂದನೇ ಪುಟ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಇದು ಇನ್ಯಾರಿಗೆ ಗೊತ್ತು?"

"ಕತ್ತಲಕ್ಕನಿಗೆ."

"ಅವಳು ಬಾಯಿ ಬಿಡಲ್ಲ." ಹಾಳೆಗಳನ್ನು ಒಟ್ಟು ಮಾಡಿದರು. "ಒಂಬತ್ತಕ್ಕೆ ನಿನ್ನ ಸಂದರ್ಶನ. ಹತ್ತಕ್ಕೆ ಕೂತ್ಕೊಂಡು ನೋಡೋಣ."

"ಸಾರ್, ಆ ಹುಡುಗಿ..."

"ನೋಡಮ್ಮ, ಈ ಲ್ಯಾಬಿನಲ್ಲಿ ಇನ್ನೂ ಇಬ್ಬರು ಮೇಸ್ತ್ರಿಯ ಮೇಲೇ ಕೆಲಸ ಮಾಡ್ತಿದಾರೆ. ನನಗೆ ನಿವೃತ್ತಿಗೆ ಮೂರು ವರ್ಷ ಇದೆ. ಆ ಪ್ರಬಂಧದಲ್ಲಿ ಕೊನೇ ಹೆಸರು, ಹೊಣೆ ಹೊರೋ ಹೆಸರು, ನನ್ನದು. ಸುಳ್ಳು ಹೇಳು ಅಂದ್ನಾ? ಎಂಟು ದಿನ ತಡಿ ಅಂದೆ."

ದುಷ್ಟರಾಗಿದ್ದರೆ ಸುಲಭವಿತ್ತು, ಜಗಳವಾಡಬಹುದಿತ್ತು. ಎಪ್ಪತ್ತೊಂದನೇ ಪುಟವನ್ನು ಅವರೇ ನನ್ನ ಕೈಗೆ ವಾಪಸು ಕೊಟ್ಟರು. ಆಗಲಿ ಎಂದೆ.

ಎಂಟು ದಿನ. ಆರು ವರ್ಷ ಸುಮ್ಮನಿದ್ದ ಪುಟ ಇನ್ನೆಂಟು ದಿನ ಇದ್ದರೆ ಏನಾಗುತ್ತದೆ? ಹೀಗೆ ಲೆಕ್ಕ ಹಾಕುತ್ತ ಬರುವಾಗ ನನ್ನ ನಿಲ್ದಾಣ ದಾಟಿಹೋಗಿ ಎರಡು ಮೈಲಿ ನಡೆದು ಬಂದೆ. ಆ ಬಸ್ಸಿನ ಕಂಡಕ್ಟರ್ ಕೂಗಬಾರದಿತ್ತೇ?

ಏಪ್ರಿಲ್ 4, ಶುಕ್ರವಾರ

ಹುಡುಗಿಯ ಫೋನು. ದನಿ ನಾನು ಅಂದುಕೊಂಡಂತೆ ಇರಲಿಲ್ಲ. ತಗ್ಗಿದ ದನಿ, ಒಂದೊಂದು ಮಾತಿಗೂ ಮುಂಚೆ ಉಸಿರು.

"ಮೇಡಂ, ತೊಂದರೆ ಕೊಡ್ತಿದೀನಿ. ನನ್ನ ನೋಂದಣಿ ಈ ತಿಂಗಳ ಕೊನೆಗೆ ಮುಗಿಯುತ್ತೆ. ನಿಮ್ಮ ಹನಿಗಳು ನನಗೆ ಬರದಿದ್ರೆ ನನ್ನ ಕೈಯೇ ಸರಿಯಿಲ್ಲ ಅಂತ ನಮ್ಮ ಗೈಡು ಬರೆದುಕೊಡ್ತಾರಂತೆ. ಮುಂದುವರಿಸೋಕೆ ಬಿಡಲ್ಲ. ನನ್ನ ಕೋಶ ನೋಡಿದ್ರಾ?"

ಐದು ದಿನ ತಡೆದರೆ ಆಯಿತು ಎಂದು ನಾಲಗೆಯ ತುದಿಯಲ್ಲಿತ್ತು.

"ಇನ್ನೂ ನೋಡ್ತಿದೀನಿ" ಎಂದೆ.

"ಆಗಲಿ ಮೇಡಂ. ನೀವಾದ್ರೂ ನೋಡ್ತಿದೀರಲ್ಲ." ಅವಳು ಥ್ಯಾಂಕ್ಸ್ ಬೇರೆ ಹೇಳಿದಳು.

ಊಟ ಸೇರಲಿಲ್ಲ. ಮಾವನೂ ಸರಿಯಾಗಿ ಉಣ್ಣಲಿಲ್ಲ, ದೀಪದ ಬೆಳಕು ಚುಚ್ಚುತ್ತದೆ ಎಂದು ಬೇಗ ಮಲಗಿದರು. ಏನು ಚುಚ್ಚುವುದೋ! ಎಲ್ಲರಿಗೂ ಒಂದೊಂದು ಚುಚ್ಚುತ್ತದೆ.

ಏಪ್ರಿಲ್ 5, ಶನಿವಾರ

ಬೆಳಗ್ಗೆ ಕಪ್ಪು ಕನ್ನಡಕ ತೆಗೆಸಿ ನೋಡಿದೆ. ಬಲಗಣ್ಣು ಕೆಂಡ. ಯಾವಾಗಿನಿಂದ ಎಂದರೆ, "ಮೂರು ನಾಲ್ಕು ದಿನ ಆಯ್ತೇನೋ, ನಿನಗೆ ಸಂದರ್ಶನ ಇದೆಯಲ್ಲ" ಎಂದರು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಯಂತ್ರಕ್ಕೆ ಗಲ್ಲ ಇಡಿಸಿ ನೋಡಿ ನನ್ನ ಕಡೆ ತಿರುಗಿದರು. "ಹನಿ ಯಾರು ಹಾಕ್ತಾ ಇದ್ದದ್ದು?"

"ನಾನೇ ಹಾಕ್ಕೋತಿದ್ದೆ" ಎಂದರು ಮಾವ.

"ಅರ್ಧಕ್ಕರ್ಧ ಹೊರಗೇ ಹೋಗಿದೆ. ಒಳಗೆ ಉರಿಯೂತ ಆಗಿದೆ. ಇನ್ನೊಂದು ವಾರ ಬಿಟ್ಟಿದ್ರೆ ಕಣ್ಣು ಉಳಿಸೋದು ಕಷ್ಟ ಇತ್ತು. ಮನೇಲಿ ಯಾರೂ ಇಲ್ವಾ?"

ನಾನು ಅವರ ಕೈಯಿಂದ ಹನಿಯ ಚೀಟಿ ತೆಗೆದುಕೊಂಡೆ.

ಮಧ್ಯಾಹ್ನದವರೆಗೆ ಅಲ್ಲೇ ಇರಿಸಿಕೊಂಡರು, ಗಂಟೆಗೊಮ್ಮೆ ಹನಿ. ನಾನೇ ಹಾಕಿದೆ. ಗೋಡೆಗೆ ಒರಗಿಸಿಟ್ಟ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತ ಮಾವ, ಯಾರಿಗೋ ಹೇಳುವ ಹಾಗೆ ಶುರುಮಾಡಿದರು.

"ನನಗೊಬ್ಬ ಗೆಳೆಯ ಇದ್ದ, ಒಂದೇ ಬೆಂಚಿನಲ್ಲಿ ಓದಿದವನು. ಹಳೇ ಪೇಪರು, ಕಬ್ಬಿಣ ತೂಕಕ್ಕೆ ಕೊಳ್ಳೋ ಅಂಗಡಿ ಇಟ್ಟಿದ್ದ. ತಪಾಸಣೆಗೆ ಹೋದೆ. ನಮ್ಮ ಇಲಾಖೆಯ ಹತ್ತು ಕಿಲೋ ಕಲ್ಲು ಇಟ್ರೆ ಅವನ ತಕ್ಕಡಿ ಕಡಿಮೆ ತೋರಿಸ್ತು. ಮಾರೋಕೆ ಬಂದ ಬಡವರಿಗೆ ಮೋಸ ಮಾಡ್ತಿದಾನೆ ಅಂತ ಎಲ್ಲರ ಮುಂದೆ ಬೈದೆ. ಅಂಗಡಿಗೆ ಮುದ್ರೆ ಹಾಕ್ದೆ. ಗೆಳೆಯ ಅಂತ ಬಿಡಲಿಲ್ಲ ಅಂತ ಹೆಮ್ಮೆ ಬೇರೆ."

"ಆಮೇಲೆ?"

"ಎಂಟು ತಿಂಗಳ ಮೇಲೆ ನಮ್ಮ ಕಲ್ಲುಗಳ ಪರೀಕ್ಷೆ ಆಯ್ತು. ಆ ಕಲ್ಲಿನ ತಳದಲ್ಲಿ ತೂಕ ಸರಿ ಮಾಡೋಕೆ ಸೀಸದ ಬಿಲ್ಲೆ ತುಂಬಿರ್ತಾರೆ. ಅದು ಯಾವಾಗಲೋ ಬಿದ್ದುಹೋಗಿತ್ತು. ತಪ್ಪು ನನ್ನ ಕಲ್ಲಿನದು. ಅವನ ತಕ್ಕಡಿ ಸರಿಯಾಗಿತ್ತು."

"ಅವರಿಗೆ ಹೇಳಿದ್ರಾ ಮಾವ?"

"ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಒಂದು ತಿಂಗಳು ಮಾಡಿದೆ. ಬಡ್ತಿಯ ಪಟ್ಟಿ ಬರೋದಿತ್ತು. ಹೋಗೋ ಹೊತ್ತಿಗೆ ಅಂಗಡಿ ಖಾಲಿ, ಊರು ಬಿಟ್ಟಿದ್ದ. ಆಮೇಲೆ ಹುಡುಕಲಿಲ್ಲ ನಾನು." ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಟೈಮು ನೀನೇ ನೋಡಮ್ಮ. ನನಗೆ ಮುಳ್ಳು ಕಾಣ್ತಿಲ್ಲ."

ಎಪ್ಪತ್ತೊಂದನೇ ಪುಟದ ವಿಷಯವಾಗಲಿ ಆ ಎಂಟು ದಿನದ ಮಾತಾಗಲಿ ಅವರಿಗೆ ಗೊತ್ತಿರಲಿಲ್ಲ. ಇದು ನನಗೆ ಹೇಳಿದ ಬುದ್ಧಿಮಾತಲ್ಲ. ಕಣ್ಣು ಹೋಗುತ್ತದೆಂಬ ಹೆದರಿಕೆಗೆ ಹೊರಬಿದ್ದದ್ದು.

ಏಪ್ರಿಲ್ 7, ಸೋಮವಾರ

ಬೆಳಗ್ಗೆ ಒಂಬತ್ತೂವರೆಗೆ ನೋಡೋಣ ಸಾರ್ ಹತ್ತಿರ ಹೋಗಿ, "ಇವತ್ತೇ ಕಳಿಸ್ತೀನಿ ಸಾರ್, ಮೊದಲು ನಿಮಗೆ ಹೇಳಿ ಹೋಗೋಣ ಅಂತ ಬಂದೆ" ಎಂದೆ.

"ಎಂಟು ದಿನ ಅಂದಿದ್ದೆ."

"ಅವಳು ಮೂರು ವರ್ಷದಿಂದ ಕಾಯ್ತಿದಾಳೆ ಸಾರ್."

"ನೋಡೋಣ ಅನ್ನಲ್ಲ. ಬೇಡ ಅಂತಿದೀನಿ." ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಒಂದು ನೇರ ಮಾತು. ಅದೂ ಇದೇ ಆಗಬೇಕೆ?

ಹನ್ನೊಂದಕ್ಕೆ ಕಳಿಸಿದೆ. ಹುಡುಗಿಗೂ ಅವಳ ಗೈಡಿಗೂ ಒಂದೇ ಪತ್ರ. ಅವಳ ಕೋಶಗಳಲ್ಲಿ ಹನಿ ಇಲ್ಲ, ಅವಳ ಕೆಲಸ ಸರಿ, ನನ್ನದು ತಪ್ಪು. ಹದಿನೆಂಟು ಪಟ್ಟು. ಜೊತೆಗೆ ಎಪ್ಪತ್ತೊಂದನೇ ಪುಟದ ಚಿತ್ರ. ಶುಕ್ರವಾರ ಫೋನಿನಲ್ಲಿ ಸುಳ್ಳು ಹೇಳಿದ್ದನ್ನೂ ಬರೆದೆ. ಇಷ್ಟೆಲ್ಲ ಬರೆದ ಮೇಲೆ ಅದೊಂದನ್ನು ಬಿಟ್ಟು ಏನು ಮಾಡಲಿ?

ಪ್ರಬಂಧವನ್ನು ಹಿಂದಕ್ಕೆ ಪಡೆಯಬೇಕೆಂದು ಪತ್ರಿಕೆಗೂ ಬರೆದೆ. ಅದಕ್ಕೆ ಸಾರ್ ಸಹಿಯೂ ಬೇಕು. ಸಹಿ ಇಲ್ಲದೆಯೇ ಕಳಿಸಿದೆ.

ಹನ್ನೆರಡಕ್ಕೆ ಮನೆಗೆ ಓಡಿ ಬಂದು ಹನಿ. ಎರಡಕ್ಕೆ ಮತ್ತೆ ಓಟ. ಈ ಬಸ್ಸುಗಳು ಬೇಕೆಂದೇ ತಡಮಾಡುತ್ತವೆ.

ಏಪ್ರಿಲ್ 9, ಬುಧವಾರ

ಐವರು ಕೂತಿದ್ದರು. ಮೇಜಿನ ಮೇಲೆ ಆ ಮುಖಪುಟ.

"ನಿಮ್ಮ ಅತಿ ಮುಖ್ಯ ಶೋಧನೆ?" ಎಂದು ಒಬ್ಬರು ನಗುತ್ತ ಕೇಳಿದರು, ಉತ್ತರ ಎದುರಿಗೇ ಇದೆಯಲ್ಲ ಎಂಬಂತೆ.

"ಅದು ತಪ್ಪು" ಎಂದೆ. ಹೇಗೆ ತಪ್ಪು ಎಂದು ಹೇಳಿದೆ. ಒಬ್ಬರು ಮುಖಪುಟವನ್ನು ಮೆಲ್ಲಗೆ ಬೋರಲು ಹಾಕಿದರು, ಹೆಣಕ್ಕೆ ಬಟ್ಟೆ ಹೊದಿಸುವ ಹಾಗೆ.

ನಲವತ್ತು ನಿಮಿಷ ಎಂದಿದ್ದರು. ಹನ್ನೆರಡರಲ್ಲಿ ಮುಗಿಯಿತು. ಮಿಕ್ಕ ಇಪ್ಪತ್ತೆಂಟು ನಿಮಿಷವನ್ನು ಏನು ಮಾಡುವುದೆಂದು ತಿಳಿಯದೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಸೀರೆಗೆ ಇಸ್ತ್ರಿ ಮಾಡಿದ್ದೇ ದಂಡ.

ಏಪ್ರಿಲ್ 15, ಮಂಗಳವಾರ

ಹುಡುಗಿಯ ಪತ್ರ. ನಾನು ಏನು ನಿರೀಕ್ಷಿಸಿದ್ದೆನೋ. ಋಣಿ ಎಂದೋ, ಧೈರ್ಯ ಮೆಚ್ಚಿದೆ ಎಂದೋ.

"ಆರು ವರ್ಷದ ಹಿಂದೆಯೇ ನಿಮಗೆ ಗೊತ್ತಿತ್ತು. ಆ ಒಂದು ವಾಕ್ಯ ಪ್ರಬಂಧದಲ್ಲಿ ಇದ್ದಿದ್ದರೆ ನಾನು ಮೂರು ವರ್ಷ ನನ್ನ ಕೈಯನ್ನು ನಾನೇ ಶಪಿಸಿಕೊಂಡು ಕೂರುತ್ತಿರಲಿಲ್ಲ. ನನ್ನ ನೋಂದಣಿಯನ್ನು ಒಂದು ವರ್ಷ ಮುಂದುವರಿಸಿದ್ದಾರೆ. ತಿಳಿಸಬೇಕಾದ್ದು ನನ್ನ ಕರ್ತವ್ಯ, ತಿಳಿಸಿದ್ದೇನೆ."

ಎರಡು ಸಲ ಓದಿದೆ. ಒಂದು ತಪ್ಪು ಹುಡುಕೋಣವೆಂದರೆ ಒಂದಕ್ಷರ ಆಚೀಚೆ ಇಲ್ಲ. ಮಾವನಿಗೆ ಓದಿ ಹೇಳಿದೆ.

"ಸಿಟ್ಟಲ್ಲಾದ್ರೂ ಬರೆದಳಲ್ಲ" ಎಂದರು. "ನನ್ನವನು ಬರೀಲೇ ಇಲ್ಲ."

ಏಪ್ರಿಲ್ 22, ಮಂಗಳವಾರ

ಹುದ್ದೆ ಬೇರೆಯವರಿಗೆ. ಗೊತ್ತಿದ್ದದ್ದೇ, ಆದರೂ ಪಟ್ಟಿಯಲ್ಲಿ ನನ್ನ ಹೆಸರು ಹುಡುಕಿದೆ.

ನೋಡೋಣ ಸಾರ್ ಎರಡು ವಾರ ಮಾತು ಬಿಟ್ಟಿದ್ದರು. ಇವತ್ತು ನನ್ನ ಬೆಂಚಿನ ಹತ್ತಿರ ಬಂದು ಒಂದು ಹಾಳೆ ಇಟ್ಟರು. ಪ್ರಬಂಧ ಹಿಂತೆಗೆಯುವ ಪತ್ರ, ಸಹಿ ಹಾಕಿದ್ದರು. "ನಿನ್ನ ಗುತ್ತಿಗೆ ಡಿಸೆಂಬರ್‌ವರೆಗೆ ಇದೆ. ಆಮೇಲಿಂದು ನನ್ನ ಕೈಲಿಲ್ಲ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಾನೂ ಆ ಪುಟ ನೋಡಿದ್ದೆ ಅನ್ಸುತ್ತೆ, ಆಗ" ಎಂದು ಸೇರಿಸಿದರು. ನಾನು ಏನಾದರೂ ಹೇಳುವ ಮೊದಲೇ ಹೊರಟುಹೋದರು. ಇಂಥ ಮಾತು ಹೇಳಿ ನಿಲ್ಲಬೇಕು, ಓಡಬಾರದು.

ಡಾಕ್ಟರು ಮಾವನ ಕಣ್ಣು ತಿಳಿಯಾಗಿದೆ ಎಂದರು. ಇನ್ನು ಒಂದೇ ಬಗೆಯ ಹನಿ, ದಿನಕ್ಕೆ ಎರಡು ಸಲ. ಮಾವ ತಮ್ಮ ಮನೆಗೆ ಹೊರಡುತ್ತೇನೆಂದು ಚೀಲ ತುಂಬಿಕೊಂಡರು. ಈಗ ಯಾರು ಬಿಟ್ಟು ಬರುವುದು, ನನಗೆಲ್ಲಿ ಬಿಡುವು? ಜೂನ್‌ಗೆ ಇವರು ಬಂದ ಮೇಲೆ ಹೋಗಲಿ ಎಂದು ಚೀಲವನ್ನು ಅಟ್ಟಕ್ಕೆ ಹಾಕಿದೆ.

ಮೇ 6, ಮಂಗಳವಾರ

ಹುಡುಗಿ ಬಂದಿದ್ದಾಳೆ!

ಹೋದ ವಾರ ಎರಡೇ ಸಾಲು ಬರೆದಿದ್ದಳು: ಬಿಸಿ ತಾಗಿದ ಕೋಶದಲ್ಲಿ ಬೇರೆ ಯಾವುದೋ ಪ್ರೋಟೀನು ಕಟ್ಟಿದ ಹನಿಗಳಿವೆ, ಮೇಸ್ತ್ರಿ ಅವುಗಳೊಳಗೆ ಹೋಗಿ ಸೇರಿಕೊಳ್ಳುತ್ತದೆಯೇ ಎಂದು ನೋಡಬೇಕು, ತಮ್ಮಲ್ಲಿ ಅಂಥ ಸೂಕ್ಷ್ಮದರ್ಶಕ ಇಲ್ಲ, ನಿಮ್ಮಲ್ಲಿ ಮೂರು ದಿನ ಸಿಗಬಹುದೇ? ಸಿಗುತ್ತದೆ ಎಂದು ಬರೆದೆ. ಕತ್ತಲಕ್ಕನ ಪುಸ್ತಕದಲ್ಲಿ ನನ್ನ ಪಾಳಿಯನ್ನೆಲ್ಲ ಅವಳ ಹೆಸರಿಗೆ ಮಾಡಿಸಿದೆ.

ಎತ್ತರದ ಹುಡುಗಿ. ನಗುವುದಿಲ್ಲ. ಬಂದ ಕೂಡಲೇ ನಿಂತೇ ಹೇಳಿದಳು, "ಮೇಡಂ, ಮೊದಲೇ ಹೇಳಿಬಿಡ್ತೀನಿ. ಇದನ್ನ ಬರೆಯುವಾಗ ನಿಮ್ಮ ಹೆಸರು ಸೇರಿಸಲ್ಲ."

"ಸೇರಿಸಬೇಡ. ಕೂತ್ಕೋ, ನೀರು ಕುಡಿ."

ಉಳಿಯಲು ನಮ್ಮ ಮನೆಗೇ ಕರೆತಂದೆ. ಬೇರೆ ಎಲ್ಲಿ ಎಂದು ಹುಡುಕುತ್ತ ಕೂರಲಿ? ಊಟಕ್ಕೆ ಕೂತಾಗ ಮಾವ ಅವಳನ್ನು ಕೇಳಿದರು, "ಎಷ್ಟು ಕೋಶ ಎಣಿಸ್ತೀಯಮ್ಮ? ಯಾವುದನ್ನ ಆರಿಸ್ತೀಯ?" ನಾನು ತಟ್ಟೆ ನೋಡುತ್ತ ಅನ್ನ ಕಲಸಿದೆ. ಅವಳು ಮಾತ್ರ ಮೊದಲ ಸಲ ಮುಖ ಅರಳಿಸಿ, "ಆರಿಸೋದೇ ಇಲ್ಲ ಅಜ್ಜ. ತಟ್ಟೆಯ ಎಡತುದಿಯಿಂದ ಸಾಲಾಗಿ ಮುನ್ನೂರು" ಎಂದಳು. ಇಬ್ಬರೂ ಒಂದು ಗಂಟೆ ಮಾತಾಡಿದರು. ಪಾತ್ರೆ ತೊಳೆದವಳು ನಾನು.

ಮೇ 9, ಶುಕ್ರವಾರ

ಬುಧವಾರ, ಹೆಪ್ಪುಗಟ್ಟಿಸಿ ತಂದಿದ್ದ ಕೋಶಗಳು ಚೇತರಿಸಿಕೊಳ್ಳಲಿಲ್ಲ. ನಿನ್ನೆ ಕರೆಂಟು ಹೋಗಿ ಬಿಸಿ ಇಳಿಯಿತು. ಇವತ್ತು ಕೊನೆಯ ದಿನ, ಸಂಜೆ ನಾಲ್ಕರವರೆಗೆ ಮಾತ್ರ ಯಂತ್ರ ನಮ್ಮದು. ನನಗೆ ಬೆಳಗಿನಿಂದ ಯಾರನ್ನು ಕಂಡರೂ ರೇಗುತ್ತಿತ್ತು. ಅವಳು ಮಾತ್ರ ತಣ್ಣಗೆ ತನ್ನ ಕೆಲಸ ಮಾಡುತ್ತಿದ್ದಳು. ಹನಿ ಕಟ್ಟುವ ಆ ಇನ್ನೊಂದು ಪ್ರೋಟೀನಿಗೆ ಕೆಂಪು ಬಣ್ಣ, ಮೇಸ್ತ್ರಿಗೆ ಹಸಿರು. ಎಣಿಸುವವರಿಗೆ ಯಾವ ತಟ್ಟೆ ಯಾವುದೆಂದು ತಿಳಿಯಬಾರದೆಂದು ಕತ್ತಲಕ್ಕನಿಂದ ಚೀಟಿಗಳನ್ನೆಲ್ಲ ಮುಚ್ಚಿಸಿದಳು.

ಮೂರೂವರೆಗೆ ಕೆಂಪು ಹನಿಗಳು ಮೂಡಿದವು. ಹಸಿರು ಮೊದಲಿನ ಹಾಗೆಯೇ ತೆಳ್ಳಗೆ ಹರಡಿತ್ತು. ಮೂರು ನಲವತ್ತಕ್ಕೆ ಒಂದು ಕೆಂಪು ಹನಿಯ ಅಂಚು ಸ್ವಲ್ಪ ಹಳದಿಗೆ ತಿರುಗಿತು; ಕೆಂಪು ಬೆಳಕಿಗೆ ಹಸಿರು ಬೆರೆತರೆ ಹಳದಿ. ಆಮೇಲೆ ಇನ್ನೊಂದು. ಹಸಿರು ಎಲ್ಲ ಕಡೆಯಿಂದ ಮೆಲ್ಲಗೆ ಬಂದು ಅವುಗಳೊಳಗೆ ಸೇರುತ್ತಿತ್ತು. ತಾನಾಗಿ ಒಂದು ಹನಿಯನ್ನೂ ಕಟ್ಟಲಿಲ್ಲ, ಕಟ್ಟಿದ ಹನಿಗೆ ಬಂದು ಕೂಡಿಕೊಂಡಿತು. ನನ್ನ ಮುಖಪುಟದ ಹನಿಗಳಷ್ಟು ಹೊಳಪಿಲ್ಲ. ಕಣ್ಣು ಕಿರಿದು ಮಾಡಿ ನೋಡಬೇಕು.

ಅವಳು ಎಡತುದಿಯಿಂದ ಎಣಿಸಲು ತೊಡಗಿದಳು. ಒಂದು, ಎರಡು, ಮೂರು. ನಲವತ್ತರ ಹೊತ್ತಿಗೆ ದನಿ ಒಡೆಯಿತು. ಕೈ ಮಾತ್ರ ನಿಲ್ಲಲಿಲ್ಲ. ಕತ್ತಲಕ್ಕ ಅವಳ ಬೆನ್ನ ಮೇಲೆ ಕೈಯಿಟ್ಟು ಹಾಗೇ ಕೂತಳು. ಎರಡನೆಯ ತಟ್ಟೆ ಇನ್ನೂ ಬಾಕಿಯಿತ್ತು. ಗಡಿಯಾರದಲ್ಲಿ ನಾಲ್ಕಕ್ಕೆ ಎರಡು ನಿಮಿಷ. ಹೊರಗೆ ಬಾಗಿಲು ಬಡಿಯುವ ಸದ್ದು.

ಒಳಗೆ ಸೆಖೆ ಎಂದು ನಾನು ಎದ್ದು ಹೊರಗೆ ಬಂದೆ. ಮೇಲಿನ ಮಹಡಿಯ ಪ್ರೊಫೆಸರು, ಕೈಯಲ್ಲಿ ತಟ್ಟೆಗಳು. "ನನ್ನ ಸಮಯ ಆಯ್ತು."

"ಇನ್ನು ಅರ್ಧ ಗಂಟೆ ತಡೀರಿ ಸಾರ್."

"ಯಾಕೆ? ಯಾರದು ಒಳಗೆ, ನಿಮ್ಮ ಪ್ರಯೋಗವಾ?"

"ನನ್ನದಲ್ಲ" ಎಂದೆ. "ಅವಳದು."

ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅವರು ಗೊಣಗಿದರು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು, ನಿರ್ದೇಶಕರಿಗೆ ದೂರು ಕೊಡುತ್ತೇನೆ ಎಂದರು. ಕೊಡಲಿ. ಹಿಂದೆ, ಬಾಗಿಲಿನ ಆ ಕಡೆ, ನೂರಾ ಹದಿನಾರು, ನೂರಾ ಹದಿನೇಳು.